ಕೊಲ್ಲಿಯ ದಡಗಳಲ್ಲಿ ಹಂಚಿಹೋದ ಯುದ್ಧನೌಕೆ

ಶನಿವಾರ: ಹೈಡ್ ಪಾರ್ಕಿನ ಮೂಲೆ

ಸಿಡ್ನಿ ನಗರದ ಹೆಸರು ಹೊತ್ತ ಮೊದಲ ಯುದ್ಧನೌಕೆಯನ್ನು ನೋಡಬೇಕೆಂದರೆ ಆ ನಗರದಲ್ಲಿ ಒಂದು ಕಡೆ ಹೋದರೆ ಸಾಲದು. ಹಡಗನ್ನು 1929ರಿಂದ ಒಡೆಯತೊಡಗಿದಾಗ ಅದರ ಕೂವೆಮರ ಕೊಲ್ಲಿಯ ಉತ್ತರ ದಡದ ಒಂದು ಚಾಚಿಗೆ ಹೋಯಿತು, ಮೂತಿಯ ಭಾಗ ಹಾರ್ಬರ್ ಸೇತುವೆಯ ಬುಡದ ಗೋಡೆಗೆ ಹೋಯಿತು, ಅದು ಸೋಲಿಸಿದ ಜರ್ಮನ್ ಹಡಗಿನ ಫಿರಂಗಿಯೊಂದು ಅದಕ್ಕೂ ಮೊದಲೇ ನಗರದ ನಡುವಿನ ಉದ್ಯಾನದ ಮೂಲೆಯಲ್ಲಿ ಬಂದು ಕುಳಿತಿತ್ತು. ಏಪ್ರಿಲ್ ಕೊನೆಯಲ್ಲಿ ವೆಸ್ಟ್‌ಮೀಡ್‌ನಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ ಇವನ್ನೆಲ್ಲ ಒಂದೊಂದಾಗಿ ನೋಡಿ ಬರುವ ಯೋಚನೆ ಮಾಡಿದೆ. ತಂಗಿ ಮತ್ತು ಆಕೆಯ ಗಂಡ ಇಬ್ಬರಿಗೂ ಬೇರೆ ಕೆಲಸಗಳಿದ್ದುದರಿಂದ, ಶಾಲೆಯ ರಜೆ ಇನ್ನೂ ಮುಗಿಯದಿದ್ದ ಅವರ ಹನ್ನೆರಡು ವರ್ಷದ ಮಗ ನನಗೆ ಜೊತೆಯಾದ. ಕನ್ನಡವನ್ನು ಚೆನ್ನಾಗಿಯೇ ಮಾತಾಡುತ್ತಾನೆ. ಬೇಡದ ಪ್ರಶ್ನೆಗಳನ್ನು ಅದಕ್ಕಿಂತ ಚೆನ್ನಾಗಿ ಕೇಳುತ್ತಾನೆ.

ರೈಲಿನಲ್ಲಿ ಟೌನ್ ಹಾಲ್ ನಿಲ್ದಾಣಕ್ಕೆ ಬಂದು ಲಿವರ್‌ಪೂಲ್ ರಸ್ತೆಯಲ್ಲಿ ಏರಿ ನಡೆದರೆ ಹೈಡ್ ಪಾರ್ಕಿನ ದಕ್ಷಿಣದ ಅಂಚು ಸಿಗುತ್ತದೆ. ಟಿಕೆಟ್ಟಿಗಾಗಿ ಸಾಲಿನಲ್ಲಿ ನಿಲ್ಲುವ ಅಗತ್ಯವಿಲ್ಲ. ನಮ್ಮೂರಿನ ಬ್ಯಾಂಕಿನ ಕಾರ್ಡೇ ರೈಲು, ಬಸ್ಸು, ಫೆರಿ ಮೂರಕ್ಕೂ ನಡೆಯುತ್ತದೆ. ಹತ್ತುವಾಗ ತಾಗಿಸಿದಂತೆಯೇ ಇಳಿಯುವಾಗಲೂ ತಾಗಿಸಬೇಕು, ಮರೆತರೆ ದೂರದ ದರವನ್ನೇ ಕತ್ತರಿಸುತ್ತಾರೆ. ಹಿಂದಿನ ದಿನ, ಯುದ್ಧಗಳಲ್ಲಿ ಸತ್ತ ಸೈನಿಕರನ್ನು ಆಸ್ಟ್ರೇಲಿಯ ನೆನೆಯುವ ಆನ್ಜಾಕ್ ದಿನವಾಗಿತ್ತು. ಉದ್ಯಾನದ ಯುದ್ಧಸ್ಮಾರಕದ ಮೆಟ್ಟಿಲುಗಳ ಮೇಲೆ ಹೂವಿನ ಚಕ್ರಗಳು ಇನ್ನೂ ಇದ್ದವು. ನಡುವೆ ಕಾಗದದ ಕೆಂಪು ಗಸಗಸೆ ಹೂಗಳು, ಜನ ಎದೆಗೆ ಸಿಕ್ಕಿಸಿಕೊಂಡು ಬಂದು ಬಿಟ್ಟುಹೋದ ರೋಸ್‌ಮರಿಯ ಕಡ್ಡಿಗಳು; ಬೆಳಗಿನ ಚಳಿಯಲ್ಲಿ ಆ ಎಲೆಯ ವಾಸನೆ ಹತ್ತಿರ ಹೋದವರಿಗೆಲ್ಲ ತಿಳಿಯುತ್ತಿತ್ತು.

ಫಿರಂಗಿ ಇರುವುದು ಈ ಸ್ಮಾರಕದ ಗಾಂಭೀರ್ಯದಿಂದ ಸ್ವಲ್ಪ ದೂರದಲ್ಲಿ, ಆಕ್ಸ್‌ಫರ್ಡ್ ರಸ್ತೆಯೂ ಕಾಲೇಜ್ ರಸ್ತೆಯೂ ಕೂಡುವ ಗದ್ದಲದ ಚೌಕದ ಎದುರಿಗೆ. 1917ರಲ್ಲಿ ಅದನ್ನು ಅಲ್ಲಿ ಇಟ್ಟರು. ಕಲ್ಲಿನ ಪೀಠದ ಮೇಲೆ ಕುಳಿತ ಅದರ ಕೊಳವೆಯ ಬಾಯಿ 10.5 ಸೆಂಟಿಮೀಟರ್ ಅಗಲದ್ದು, ಎಂದರೆ ನನ್ನ ಅಂಗೈ ಚಾಚಿ ಮುಚ್ಚಬಹುದಾದಷ್ಟು. ಅದು ಸೇರಿದ್ದ ‘ಎಮ್ಡನ್’ ಎಂಬ ಜರ್ಮನ್ ಹಡಗಿನ ಮೇಲೆ ಇಂಥವು ಹತ್ತು ಇದ್ದವು. ಹಸಿರು ದೀಪಕ್ಕಾಗಿ ಕಾಯುತ್ತಿದ್ದ ಜನ ಫಿರಂಗಿಗೆ ಬೆನ್ನು ಮಾಡಿ ಮೊಬೈಲ್ ನೋಡುತ್ತ ನಿಂತಿದ್ದರು. ಗೆದ್ದು ತಂದ ವಸ್ತುವನ್ನು ಎಲ್ಲರ ಕಣ್ಣಿಗೆ ಬೀಳಲೆಂದು ನಾಲ್ಕು ದಾರಿ ಕೂಡುವಲ್ಲಿ ಇಟ್ಟರೆ ಕೊನೆಗೆ ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ನನಗೆ ಅನ್ನಿಸಿತು.

ಒಬ್ಬರ ಕಣ್ಣಿಗೆ ಬಿದ್ದಿತ್ತು. ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಬಂದ ತರುಣ ದಂಪತಿಗಳು ಪೀಠದ ಬರಹ ಓದುತ್ತ ತಮಿಳಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ನನ್ನ ಸೀರೆ ನೋಡಿ ಅವರೇ ಮಾತಿಗೆ ಬಂದರು. “ನೀವು ಚೆನ್ನೈನವರಾ ಅಮ್ಮಾ?” ಎಂದು ಕೇಳಿದ ಗಂಡ, ಉಡುಪಿಯೆಂದು ತಿಳಿದ ಮೇಲೂ ಉತ್ಸಾಹ ತಗ್ಗಿಸದೆ, ಈ ಹಡಗು ತಮ್ಮ ಊರಿನ ಮೇಲೆ ಗುಂಡು ಹಾರಿಸಿತೆಂದೂ, ಹೈಕೋರ್ಟಿನ ಆವರಣದ ಗೋಡೆಯಲ್ಲಿ ಗುಂಡು ಬಿದ್ದ ಜಾಗಕ್ಕೆ ಫಲಕ ಹಾಕಿದ್ದಾರೆಂದೂ ಹೇಳಿದರು. ಕಾನೂನು ಓದುತ್ತಿದ್ದಾಗ ದಿನವೂ ಅದರ ಪಕ್ಕದಲ್ಲೇ ಹೋಗುತ್ತಿದ್ದರಂತೆ. ಗುಂಡು ಹಾರಿಸಿದ ಹಡಗಿನ ಫಿರಂಗಿ ಇಲ್ಲಿ ಎದುರಾಗುತ್ತದೆಂದು ಅಂದುಕೊಂಡಿರಲಿಲ್ಲವಂತೆ.

ನಾನು ಈ ಹಡಗುಗಳ ಹಿಂದೆ ಬಿದ್ದುದಕ್ಕೂ ಅದೇ ಕಾರಣ. ಮೊದಲ ಮಹಾಯುದ್ಧದ ಕಾಲದಲ್ಲಿ, 1914ರ ಸೆಪ್ಟೆಂಬರ್ 22ರ ರಾತ್ರಿ, ಎಮ್ಡನ್ ಮದ್ರಾಸಿನ ಎದುರು ಕತ್ತಲೆಯಲ್ಲಿ ಬಂದು ನಿಂತು, ದೀಪ ಹೊತ್ತಿಸಿ, ಅರ್ಧ ಗಂಟೆಯೊಳಗೆ ಸುಮಾರು 130 ಗುಂಡುಗಳನ್ನು ಹಾರಿಸಿ ಬರ್ಮಾ ಆಯಿಲ್ ಕಂಪನಿಯ ಎಣ್ಣೆಯ ತೊಟ್ಟಿಗಳಿಗೆ ಬೆಂಕಿ ಹಚ್ಚಿ ಹೊರಟುಹೋಯಿತು. ಸತ್ತವರು ಕೆಲವರೇ ಆದರೂ ಊರು ಬಿಟ್ಟು ಓಡಿದವರು ಸಾವಿರಾರು. ಆಗ ನಮ್ಮ ದಕ್ಷಿಣ ಕನ್ನಡವೂ ಬಳ್ಳಾರಿಯೂ ಅದೇ ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳು. ಸುಟ್ಟದ್ದು ನಮ್ಮದೇ ಸರ್ಕಾರದ ರಾಜಧಾನಿ. ಅಲ್ಲಿಂದ ಎಮ್ಡನ್ ಸಿಂಹಳವನ್ನು ಸುತ್ತಿಕೊಂಡು ಅರಬ್ಬಿ ಸಮುದ್ರಕ್ಕೇ ಬಂದು, ಮಿನಿಕಾಯ್ ದ್ವೀಪದ ಸುತ್ತ ಹೊಂಚು ಹಾಕಿ ಬ್ರಿಟಿಷ್ ಸರಕು ಹಡಗುಗಳನ್ನು ಒಂದರ ಹಿಂದೊಂದರಂತೆ ಹಿಡಿಯಿತು.

ಹಿಡಿದ ರೀತಿಯೂ ವಿಶೇಷವಾದದ್ದು. ಕಪ್ತಾನ ಕಾರ್ಲ್ ಫಾನ್ ಮ್ಯೂಲರ್ ಮೊದಲು ಹಡಗಿನಲ್ಲಿದ್ದವರನ್ನೆಲ್ಲ ಇಳಿಸಿಕೊಂಡು, ಆಮೇಲೆ ಹಡಗನ್ನು ಮುಳುಗಿಸಿ, ಜನರನ್ನು ಮತ್ತೊಂದು ಹಡಗಿಗೆ ಹತ್ತಿಸಿ ದಡಕ್ಕೆ ಕಳಿಸುತ್ತಿದ್ದ. ಅಕ್ಟೋಬರಿನಲ್ಲಿ ಡಿಯೇಗೋ ಗಾರ್ಸಿಯಾ ದ್ವೀಪಕ್ಕೆ ಹೋದಾಗ ಅಲ್ಲಿಯ ಬ್ರಿಟಿಷ್ ಪ್ರಜೆಗಳಿಗೆ ಯುದ್ಧ ಆರಂಭವಾದ ಸುದ್ದಿಯೇ ತಲುಪಿರಲಿಲ್ಲ. ಜರ್ಮನರೂ ಹೇಳಲಿಲ್ಲ, ಉಪಚಾರ ಮಾಡಿಸಿಕೊಂಡು ಹೊರಟರು. ಇದನ್ನು ಹೇಳಿದಾಗ ತಂಗಿಯ ಮಗ, “ಹಾಗಾದರೆ ದೊಡ್ಡಮ್ಮಾ, ಇದರಲ್ಲಿ ಒಳ್ಳೆಯವರು ಯಾರು?” ಎಂದ. ಮದ್ರಾಸಿನ ಬಂದರಿನಲ್ಲಿ ಸತ್ತವರನ್ನು ಕೇಳಬೇಕೆಂದೆ. ಅವನಿಗೆ ಆ ಉತ್ತರ ಹಿಡಿಸಲಿಲ್ಲ.

ಮಧ್ಯಾಹ್ನ ಸರ್ಕ್ಯುಲರ್ ಕ್ವೇಗೆ ಹೋಗಿ ಆಲೂಗಡ್ಡೆಯ ಚಿಪ್ಸ್ ಕೊಂಡೆವು. ಬೆಂಚಿನ ಮೇಲೆ ಕೂರುವಷ್ಟರಲ್ಲಿ ಕಡಲಹಕ್ಕಿಗಳು ಸುತ್ತುವರಿದು, ಪೊಟ್ಟಣದ ಅರ್ಧ ಅವುಗಳ ಪಾಲಾಯಿತು. ಅಲ್ಲಿ ತಿನ್ನುವವರು ಗೋಡೆಗೆ ಬೆನ್ನು ಕೊಟ್ಟು ಕೂರಬೇಕು.

ಭಾನುವಾರ: ಬ್ರಾಡ್ಲೀಸ್ ಹೆಡ್

ತಂಗಿ ಬೆಳಿಗ್ಗೆ ಬೇಗ ಎದ್ದು ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿಕೊಟ್ಟಳು. “ಅಕ್ಕಾ, ಅಲ್ಲಿ ಅಂಗಡಿಗಿಂಗಡಿ ಇಲ್ಲ, ನೀರು ತಗೊಂಡು ಹೋಗು” ಎಂದಳು. ಈ ಮಾತನ್ನು ಅಲ್ಲಿಗೆ ಹೋಗುವ ಎಲ್ಲರಿಗೂ ಹೇಳಬೇಕು: ಶೌಚಾಲಯವಿದೆ, ಕೂರಲು ಹುಲ್ಲುಹಾಸಿದೆ, ಕೊಂಡು ತಿನ್ನುವ ವ್ಯವಸ್ಥೆಯನ್ನು ನಂಬಿಕೊಂಡು ಹೋಗಬಾರದು. ಕಾರಿನಲ್ಲಿ ಹೋಗಬಹುದು, ರಾಷ್ಟ್ರೀಯ ಉದ್ಯಾನವಾದ್ದರಿಂದ ಕಾರು ನಿಲ್ಲಿಸಲು ಹಣ ಕೊಡಬೇಕು; ಅದಕ್ಕಿಂತ ಸರ್ಕ್ಯುಲರ್ ಕ್ವೇಯಿಂದ ಟರೋಂಗಾ ಮೃಗಾಲಯಕ್ಕೆ ಹೋಗುವ ಫೆರಿಯೇ ಚೆಂದ. ಹನ್ನೆರಡು ನಿಮಿಷದ ಆ ದಾರಿಯಲ್ಲಿ ಒಪೆರಾ ಹೌಸ್ ಬಲಗಡೆ ಹಾದುಹೋಗುತ್ತದೆ, ಫೋರ್ಟ್ ಡೆನಿಸನ್ನಿನ ಕಲ್ಲಿನ ಕೋಟೆ ಸಮೀಪಕ್ಕೆ ಬರುತ್ತದೆ, ಇದಕ್ಕಾಗಿಯೇ ಪ್ರವಾಸಿಗಳು ಬೇರೆ ದೋಣಿಗೆ ಹತ್ತು ಪಟ್ಟು ಕೊಡುತ್ತಾರೆ.

ಫೆರಿಯಲ್ಲಿದ್ದ ಮಕ್ಕಳೆಲ್ಲ ಮೃಗಾಲಯದ ಕಡೆಗೆ ಓಡಿದರು. ನಾವು ಬಲಕ್ಕೆ ತಿರುಗಿ ದಡದ ಕಾಲುದಾರಿ ಹಿಡಿದೆವು. ಮೆಟ್ಟಿಲು, ಬಂಡೆ, ಮಣ್ಣಿನ ಹಾದಿ, ಮರದ ಹಲಗೆಗಳ ಸೇತುವೆ, ಹೀಗೆ ಬದಲಾಗುತ್ತ ಹೋಗುವ ಆ ದಾರಿಯನ್ನು ನಮ್ಮ ಹೆಜ್ಜೆಯಲ್ಲಿ ನಡೆದರೂ ಅರ್ಧ ಗಂಟೆಗಿಂತ ಹೆಚ್ಚು ಬೇಡ. ಆದರೆ ನಿಲ್ಲದೆ ನಡೆಯುವುದು ಕಷ್ಟ. ಎರಡೂ ಬದಿಗೆ ಆಂಗೋಫೋರಾ ಮರಗಳು. ತೊಗಟೆ ಕಳಚಿದ ಜಾಗದಲ್ಲಿ ಕಾಂಡ ಕೇಸರಿ ಮಿಶ್ರಿತ ಗುಲಾಬಿ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ತಣ್ಣಗೆ, ನುಣ್ಣಗೆ ಇರುತ್ತದೆ; ಬಂಡೆಯ ಮೇಲೆ ಬೆಳೆದವುಗಳ ಬೇರು ಮೇಣ ಕರಗಿ ಹರಿದಂತೆ ಕಲ್ಲಿನ ಬಿರುಕಿಗೆ ಇಳಿದಿತ್ತು. ಶರತ್ಕಾಲದ ಬಿಸಿಲು ಓರೆಯಾಗಿ ಬೀಳುತ್ತಿದ್ದುದರಿಂದ ಹತ್ತು ಗಂಟೆಗೂ ನೆರಳು ಉದ್ದವಾಗಿತ್ತು. ಯುರೋಪಿಯನ್ನರು ಬರುವ ಮೊದಲು ಈ ನೆಲ ಬೊರೊಗೆಗಲ್ ಜನರದು. ಈಗಿನ ಹೆಸರು 1788ರಲ್ಲಿ ಮೊದಲ ಹಡಗುಪಡೆಯೊಡನೆ ಬಂದ ವಿಲಿಯಂ ಬ್ರಾಡ್ಲಿ ಎಂಬ ನೌಕಾಧಿಕಾರಿಯದು.

ಮರಗಳು ಮುಗಿದು ಚಾಚು ತೆರೆದುಕೊಳ್ಳುವಲ್ಲಿ ಕೂವೆಮರ ಕಾಣಿಸಿತು. ಅದೊಂದು ಒಂಟಿ ಕಂಬವಲ್ಲ. ಮೂರು ಉಕ್ಕಿನ ಕಾಲುಗಳು ಮೇಲೆ ಹೋಗುತ್ತ ಒಂದಕ್ಕೊಂದು ಸೇರಿ, ಸೇರುವಲ್ಲಿ ಕಾವಲುಗಾರರು ನಿಲ್ಲುವ ಅಟ್ಟ, ಅದರಾಚೆಗೆ ಇನ್ನೂ ಎತ್ತರಕ್ಕೆ ಕಂಬ. ಒಂದು ಕಾಲಿಗೆ ಹಚ್ಚಿದ ಏಣಿಯ ಮೆಟ್ಟಿಲುಗಳನ್ನು ಮೇಲಿನವರೆಗೆ ಕಣ್ಣಿನಲ್ಲೇ ಹತ್ತಿದೆ. ಹತ್ತಿರ ಹೋದರೆ ಬಣ್ಣದ ಪದರಗಳು ಕಾಣುತ್ತವೆ. ಕಡಲ ಗಾಳಿಗೆ ಉಕ್ಕು ಉಳಿಯಬೇಕಾದರೆ ಬಣ್ಣ ಹಚ್ಚುತ್ತಲೇ ಇರಬೇಕು; ಮೊಳೆಗಳ ತಲೆಗಳು ಆ ಪದರಗಳ ಅಡಿಯಲ್ಲಿ ಉರುಟಾಗಿ, ಒಂದು ಮೊಳೆಗೂ ಇನ್ನೊಂದಕ್ಕೂ ನಡುವಿನ ಗುಳಿ ತುಂಬುತ್ತ ಬಂದಿದೆ. ಬುಡದಲ್ಲಿ ಫಲಕಗಳು, ಆನ್ಜಾಕ್ ದಿನದ ಹೂಗಳು, ಯಾರೋ ಮಕ್ಕಳು ಬಳಪದಲ್ಲಿ ಬರೆದ ಗಸಗಸೆ ಹೂವಿನ ಚಿತ್ರ.

ಈ ಹಡಗು ಗ್ಲಾಸ್ಗೋ ನಗರದ ಹಡಗುಕಟ್ಟೆಯಲ್ಲಿ 1912ರಲ್ಲಿ ನೀರಿಗಿಳಿದದ್ದು. 1913ರ ಅಕ್ಟೋಬರ್ 4ರಂದು ಆಸ್ಟ್ರೇಲಿಯದ ಹೊಸ ನೌಕಾಪಡೆ ಸಿಡ್ನಿ ಕೊಲ್ಲಿಯನ್ನು ಪ್ರವೇಶಿಸಿದಾಗ ಅದೂ ಈ ಚಾಚಿನ ಎದುರಿನಿಂದಲೇ ಒಳಗೆ ಬಂತು. ಒಂದು ವರ್ಷ ಕಳೆದ ಸ್ವಲ್ಪದರಲ್ಲೇ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳ ಸೈನಿಕರನ್ನು ಹೊತ್ತ ಹಡಗುಗಳ ದೊಡ್ಡ ಸಾಲಿಗೆ ಕಾವಲಾಗಿ ಹಿಂದೂ ಮಹಾಸಾಗರ ದಾಟುತ್ತಿತ್ತು. ನವೆಂಬರ್ 9ರ ಬೆಳಿಗ್ಗೆ ಕೋಕೋಸ್ ದ್ವೀಪಗಳ ತಂತಿ ಕಚೇರಿಯಿಂದ, ಅಪರಿಚಿತ ಹಡಗೊಂದು ಬಂದಿದೆಯೆಂಬ ಸುದ್ದಿ ನಿಸ್ತಂತುವಿನಲ್ಲಿ ಬಂತು. ಎಮ್ಡನ್ ಅಲ್ಲಿಗೆ ಬಂದದ್ದು ಸಮುದ್ರದಡಿಯ ತಂತಿಗಳನ್ನು ಕತ್ತರಿಸಲು. ದಡಕ್ಕಿಳಿದ ಜರ್ಮನರು ನಿಸ್ತಂತು ಕಂಬವನ್ನು ಉರುಳಿಸುವಾಗ, ದಯವಿಟ್ಟು ನಮ್ಮ ಟೆನ್ನಿಸ್ ಅಂಕಣದ ಮೇಲೆ ಬೀಳಿಸಬೇಡಿ ಎಂದು ಕಚೇರಿಯವರು ಕೇಳಿಕೊಂಡರಂತೆ, ಅವರೂ ಒಪ್ಪಿ ಬೇರೆ ಕಡೆಗೆ ಬೀಳಿಸಿದರಂತೆ. ಯುದ್ಧದ ಇತಿಹಾಸದಲ್ಲಿ ಇಂಥ ವಿವರಗಳು ಸಿಕ್ಕಾಗ ನಂಬುವುದಕ್ಕೂ ಕಷ್ಟ, ಬಿಡುವುದಕ್ಕೂ ಕಷ್ಟ.

ಸಿಡ್ನಿಯ ಕಪ್ತಾನ ಜಾನ್ ಗ್ಲಾಸಪ್ ಸಾಲಿನಿಂದ ಬೇರ್ಪಟ್ಟು ವೇಗವಾಗಿ ಅತ್ತ ಧಾವಿಸಿದ. ಮೊದಲ ಗುಂಡು ಹಾರಿಸಿದ್ದು ಎಮ್ಡನ್, ಮೊದಲು ಪೆಟ್ಟು ತಿಂದದ್ದು ಸಿಡ್ನಿ. ಆಮೇಲೆ ಲೆಕ್ಕ ತಿರುಗಿತು. ಸಿಡ್ನಿಯ ಎಂಟು ಫಿರಂಗಿಗಳು ಆರು ಅಂಗುಲದವು. ಹೆಚ್ಚು ದೂರಕ್ಕೆ ಹೆಚ್ಚು ತೂಕದ ಗುಂಡನ್ನು ಎಸೆಯುತ್ತಿದ್ದವು, ಹಡಗಿನ ವೇಗವೂ ಹೆಚ್ಚಿತ್ತು. ದೂರದಲ್ಲೇ ಉಳಿದು ಹೊಡೆದರೆ ಸಾಕಿತ್ತು, ಗ್ಲಾಸಪ್ ಹಾಗೆಯೇ ಮಾಡಿದ. ಹೊಗೆಗೊಳವೆಗಳು ಉರುಳಿ, ಚುಕ್ಕಾಣಿ ಕೆಟ್ಟ ಎಮ್ಡನ್ ಮುಳುಗುವುದನ್ನು ತಪ್ಪಿಸಿಕೊಳ್ಳಲು ಉತ್ತರ ಕೀಲಿಂಗ್ ದ್ವೀಪದ ಹವಳದ ದಿಣ್ಣೆಗೆ ಏರಿ ನಿಂತಿತು. ಸಿಡ್ನಿಯಲ್ಲಿ ಸತ್ತವರು ನಾಲ್ವರು. ಎಮ್ಡನ್‌ನಲ್ಲಿ ನೂರಮೂವತ್ತಕ್ಕೂ ಹೆಚ್ಚು.

ಇಷ್ಟೆಲ್ಲ ಓದಿಕೊಂಡು ಬಂದವರು ಆ ಅಟ್ಟದಲ್ಲಿ ನಿಂತ ಕಾವಲುಗಾರನೇ ಎಮ್ಡನ್‌ನ ಹೊಗೆಯನ್ನು ಮೊದಲು ಕಂಡನೆಂದು ಕಲ್ಪಿಸಿಕೊಳ್ಳುವುದು ಸಹಜ. ಆದರೆ ಈ ಮೂರು ಕಾಲಿನ ಕೂವೆ ಕೋಕೋಸ್ ಕದನವನ್ನು ಕಂಡದ್ದಲ್ಲ. 1914ರ ಚಿತ್ರಗಳಲ್ಲಿ ಹಡಗಿಗೆ ಒಂಟಿ ಕಂಬವಿದೆ. ಇದನ್ನು ಕೂರಿಸಿದ್ದು 1917ರ ದುರಸ್ತಿಯಲ್ಲಿ, ಬ್ರಿಟನ್ನಿನಲ್ಲಿ. ಅದೇ ಕಾಲಕ್ಕೆ ವಿಮಾನವನ್ನು ಹಾರಿಸುವ, ತಿರುಗುವ ವೇದಿಕೆಯನ್ನೂ ಹಡಗಿಗೆ ಅಳವಡಿಸಿದರು. ಈ ಕೂವೆ ಕಂಡದ್ದು ಉತ್ತರ ಸಮುದ್ರದ ಮಂಜನ್ನು, 1918ರ ನವೆಂಬರ್ 21ರಂದು ಜರ್ಮನಿಯ ನೌಕಾಪಡೆಯ ದೊಡ್ಡ ಭಾಗ ಬಂದು ಶರಣಾದದ್ದನ್ನು. ಆ ದಿನ ಸಿಡ್ನಿಯ ಕಾವಲಿಗೆ ಒಪ್ಪಿಸಿದ ಹಡಗಿನ ಹೆಸರೂ ಎಮ್ಡನ್ನೇ, ಹಳೆಯದರ ಹೆಸರಿನಲ್ಲಿ ಕಟ್ಟಿದ ಹೊಸ ಹಡಗು. ನನ್ನ ಮಟ್ಟಿಗೆ ಇದರಿಂದ ಸ್ಮಾರಕದ ತೂಕವೇನೂ ಕಡಿಮೆಯಾಗಲಿಲ್ಲ. ಒಂದು ಬೆಳಗಿನ ಗೆಲುವಿಗಿಂತ ಹಡಗಿನ ಹದಿನೈದು ವರ್ಷದ ಬಾಳು ದೊಡ್ಡದು, ಕೂವೆ ನಿಂತಿರುವುದು ಆ ಬಾಳಿಗಾಗಿ. 1934ರಲ್ಲಿ ಅದನ್ನು ಇಲ್ಲಿ ನಿಲ್ಲಿಸಿದರು. ಈಗ ಅದು ಆಸ್ಟ್ರೇಲಿಯದ ನೌಕಾಪಡೆಯಲ್ಲಿ ಸತ್ತ ಎಲ್ಲರ ನೆನಪಿಗೂ ಸಲ್ಲುತ್ತದೆ. ಅವರಲ್ಲಿ ಇದೇ ಹೆಸರಿನ ಎರಡನೆಯ ಹಡಗಿನ 645 ಮಂದಿಯೂ ಸೇರಿದ್ದಾರೆ. ಅದೂ ಮೊದಲನೆಯದರಂತೆ ಕ್ರೂಸರ್ ಎಂಬ ವೇಗದ ಯುದ್ಧನೌಕೆಯೇ, 1941ರ ನವೆಂಬರ್ 19ರಂದು ಪಶ್ಚಿಮ ಆಸ್ಟ್ರೇಲಿಯದ ಕಡಲಲ್ಲಿ ಜರ್ಮನ್ ದಾಳಿಹಡಗಿನೊಡನೆ ಹೋರಾಡಿ ಮುಳುಗಿತು, ಒಬ್ಬನೂ ಉಳಿಯಲಿಲ್ಲ, ಅವಶೇಷ ಸಿಕ್ಕಿದ್ದು 2008ರಲ್ಲಿ.

ಹುಲ್ಲಿನ ಮೇಲೆ ಕುಳಿತು ಡಬ್ಬಿ ತೆರೆದೆವು. ಎಲ್ಲಿಂದಲೋ ಕಪ್ಪು ಮೈ, ಕೆಂಪು ಬೋಳುತಲೆ, ಹಳದಿ ಜೋಲುಗತ್ತಿನ ಬ್ರಷ್ ಟರ್ಕಿ ಹಕ್ಕಿಯೊಂದು ಬಂದು, ನಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹುಡುಗ ಫೋಟೋ ತೆಗೆಯಲು ಕೈ ಬಿಟ್ಟ ಕ್ಷಣದಲ್ಲಿ ಡಬ್ಬಿಯನ್ನು ಮಗುಚಿತು. ಚಿತ್ರಾನ್ನದ ಮೇಲೆ ಕಾಲಿಟ್ಟು ಮೊದಲು ಕಡಲೆಬೀಜಗಳನ್ನು ಆರಿಸಿ ತಿಂದಿತು; ಒಗ್ಗರಣೆಯ ಮೆಣಸಿನಕಾಯಿಯನ್ನು ಕೊಕ್ಕಿನಲ್ಲಿ ಎತ್ತಿ ನೋಡಿ ಪಕ್ಕಕ್ಕೆ ಎಸೆಯಿತು. ಉಳಿದದ್ದು ಚೀಲದಲ್ಲಿದ್ದ ಕೋಡುಬಳೆ ಮತ್ತು ಫ್ಲಾಸ್ಕಿನ ಕಾಫಿ. ಪಕ್ಕದ ಬೆಂಚಿನಲ್ಲಿ ನಾಯಿಯ ಹಗ್ಗ ಹಿಡಿದು ಕುಳಿತಿದ್ದ ವೃದ್ಧೆಯೊಬ್ಬರು ಇದನ್ನು ನೋಡಿ ಬಿದ್ದುಬಿದ್ದು ನಕ್ಕರು, ನಂತರ ಸಮಾಧಾನಕ್ಕೆಂಬಂತೆ ತಮ್ಮ ಚೀಲದಿಂದ ಎರಡು ಮ್ಯಾಂಡರಿನ್ ಕಿತ್ತಳೆ ಕೊಟ್ಟರು. ನಾನು ಕೋಡುಬಳೆ ಕೊಟ್ಟೆ. ಕಟುಮ್ ಎಂದು ಕಚ್ಚಿ, ಖಾರ ತಲೆಗೇರಿದರೂ ಪೂರ್ತಿ ತಿಂದರು.

ಹತ್ತಿರದಲ್ಲೇ ಬಹಳ ವರ್ಷಗಳಿಂದ ವಾಸವಾಗಿರುವ ಅವರು ನನಗೆ ಎರಡು ಸಂಗತಿ ತೋರಿಸಿದರು. ಒಂದು, ದಡದ ನೀರಿನಲ್ಲಿ ನಿಂತಿದ್ದ ಕಲ್ಲಿನ ಕಂಬ. ಅದು ಹಳೆಯ ಅಂಚೆ ಕಚೇರಿಯ ಕಟ್ಟಡದ್ದು. ಅಲ್ಲಿಂದ ಫೋರ್ಟ್ ಡೆನಿಸನ್‌ವರೆಗೆ ಸರಿಯಾಗಿ ಒಂದು ನಾಟಿಕಲ್ ಮೈಲಿ. ಹೊಸ ಹಡಗುಗಳ ವೇಗವನ್ನು ಈ ಅಳತೆಯಲ್ಲಿ ಪರೀಕ್ಷಿಸುತ್ತಿದ್ದರಂತೆ. ಇನ್ನೊಂದು, ನೌಕಾಪಡೆಯ ಹಡಗುಗಳು ಈ ಕೂವೆಯ ಎದುರು ಹಾಯುವಾಗ ಸಿಬ್ಬಂದಿಯೆಲ್ಲ ಅಂಚಿನಲ್ಲಿ ನೆಟ್ಟಗೆ ನಿಂತು, ಸೀಟಿ ಊದಿ ಗೌರವ ಸಲ್ಲಿಸುತ್ತಾರೆ. ಗಾಳಿ ಈ ಕಡೆಗಿದ್ದರೆ ಸೀಟಿ ಕೇಳಿಸುತ್ತದೆ ಎಂದರು. “ನನ್ನ ನಾಯಿಗೆ ಮೊದಲು ಕೇಳುತ್ತದೆ.”

ಅದನ್ನು ನೋಡುವ ಆಸೆಯಿಂದ ಸಂಜೆಯವರೆಗೆ ಕಾದೆವು. ಎದುರು ದಡದಲ್ಲಿ ಗಾರ್ಡನ್ ಐಲೆಂಡ್ ನೌಕಾನೆಲೆಯ ಬೂದು ಹಡಗುಗಳು ಕಾಣುತ್ತಿದ್ದವು, ಒಂದೂ ಅಲುಗಲಿಲ್ಲ. ಆ ನೆಲೆಯೇ 1942ರ ಮೇ 31ರ ರಾತ್ರಿ ಜಪಾನಿನ ಪುಟ್ಟ ಜಲಾಂತರ್ಗಾಮಿಗಳ ದಾಳಿಗೆ ಒಳಗಾದದ್ದು. ಅಮೆರಿಕದ ‘ಷಿಕಾಗೊ’ ಕ್ರೂಸರಿಗೆ ಗುರಿಯಿಟ್ಟ ಟಾರ್ಪಿಡೊ ತಪ್ಪಿ, ನಾವಿಕರು ಮಲಗಿದ್ದ ‘ಕುಟ್ಟಬುಲ್’ ಎಂಬ ಹಳೆಯ ಫೆರಿಯ ಅಡಿಯಲ್ಲಿ ಸಿಡಿದು 21 ಮಂದಿ ಸತ್ತರು. ಸೂರ್ಯ ಸೇತುವೆಯ ಹಿಂದೆ ಇಳಿಯುವ ಹೊತ್ತಿಗೆ ಬಂದದ್ದು ಒಂದು ವಿಹಾರನೌಕೆ. ಹತ್ತಾರು ಅಂತಸ್ತಿನ ಬಿಳಿ ಗೋಡೆಯಂತೆ ಅದು ನಮ್ಮ ಮುಂದೆ ಹಾಯುವಾಗ ಕೂವೆ ಬಹಳ ಚಿಕ್ಕದಾಗಿ ಕಂಡಿತು. ಮೇಲಿನ ಅಂಗಳದಲ್ಲಿ ಕುಣಿಯುತ್ತಿದ್ದವರಿಗೆ ಹುಡುಗ ಕೈ ಬೀಸಿದ, ಅವರೂ ಬೀಸಿದರು. ಬಿಸಿಲು ಹೋದ ಕೂಡಲೇ ಚಳಿ ಹಿಡಿಯಿತು. ಏಪ್ರಿಲಿನಲ್ಲಿ ಹೋಗುವವರು ಮಧ್ಯಾಹ್ನದ ಸೆಕೆ ನೋಡಿ ಸ್ವೆಟರ್ ಬಿಟ್ಟು ಹೋಗಬಾರದು, ಕಾಡಿನ ದಾರಿಯಲ್ಲಿ ದೀಪಗಳಿಲ್ಲದ ಕಾರಣ ಕತ್ತಲಾಗುವ ಮೊದಲೇ ಹೊರಡಬೇಕು.

ಸೋಮವಾರ: ಮಿಲ್ಸನ್ಸ್ ಪಾಯಿಂಟ್, ಕಾಕಟೂ ದ್ವೀಪ

ರಾತ್ರಿಯೇ ಮಳೆ ಹಿಡಿದಿತ್ತು. ನಮ್ಮ ಕರಾವಳಿಯ ಮಳೆಯ ರಭಸವಿಲ್ಲ, ಆದರೆ ಗಾಳಿ ಅದನ್ನು ಅಡ್ಡಡ್ಡಲಾಗಿ ಹೊಡೆಯುತ್ತದೆ. ರೈಲು ಸೇತುವೆಯ ಮೇಲೆ ದಾಟಿ ಮಿಲ್ಸನ್ಸ್ ಪಾಯಿಂಟಿನಲ್ಲಿ ಇಳಿಸಿತು. ಅಲ್ಲಿಂದ ಇಳಿಜಾರಿನಲ್ಲಿ ನೀರಿನ ಅಂಚಿಗೆ ಹೋದರೆ ಸೇತುವೆಯ ಉಕ್ಕಿನ ಹೊಟ್ಟೆ ನೆತ್ತಿಯ ಮೇಲೆ ಬರುತ್ತದೆ, ರೈಲು ಹೋದಾಗಲೆಲ್ಲ ಗುಡುಗಿದಂತಾಗುತ್ತದೆ.

ಸಿಡ್ನಿಯ ಮೂತಿ ಇರುವುದು ಇಲ್ಲಿಯ ಕಲ್ಲಿನ ಗೋಡೆಯಲ್ಲಿ. ಹಡಗೊಂದು ಗೋಡೆಯನ್ನು ಸೀಳಿಕೊಂಡು ಕೊಲ್ಲಿಯ ಕಡೆಗೆ ಹೊರಬರುತ್ತಿರುವಾಗ ಯಾರೋ ತಡೆದು ನಿಲ್ಲಿಸಿದ ಹಾಗೆ, ಅಲೆಯನ್ನು ಕತ್ತರಿಸುವ ಆ ಚೂಪಾದ ಅಂಚು ಮಾತ್ರ ಹೊರಗೆ ಚಾಚಿದೆ. ಮಳೆಹನಿ ಅದರ ನೆತ್ತಿಯಲ್ಲಿ ಎರಡಾಗಿ ಒಡೆದು ಎರಡೂ ಕೆನ್ನೆಗಳ ಮೇಲೆ ಇಳಿಯುತ್ತಿತ್ತು. ಮದುವೆಯ ಉಡುಪಿನ ಜೋಡಿಯೊಂದು ಛತ್ರಿಯ ಅಡಿಯಲ್ಲಿ ಒಪೆರಾ ಹೌಸಿಗೆ ಬೆನ್ನು ಮಾಡಿ ಚಿತ್ರ ತೆಗೆಸಿಕೊಳ್ಳುತ್ತಿತ್ತು. ಛಾಯಾಗ್ರಾಹಕ ನಮಗೆ ಸ್ವಲ್ಪ ಸರಿಯಲು ಹೇಳಿದ. ಹಡಗಿಗೆ ಹೇಳುವಂತಿರಲಿಲ್ಲ. ನೋಡಿದ ಭಾಗಗಳಲ್ಲೆಲ್ಲ ನನಗೆ ಹೆಚ್ಚು ಹಿಡಿಸಿದ್ದು ಇದೇ: ಎತ್ತರವಿಲ್ಲ, ಪೀಠವಿಲ್ಲ, ಕೈಗೆ ಎಟುಕುತ್ತದೆ, ಎದುರಿಗೇ ನೀರಿದೆ. ಇದು ಮಾತ್ರ ಕೋಕೋಸ್‌ನ ನೀರನ್ನು ಸೀಳಿದ ಉಕ್ಕು.

ಸೇತುವೆಯನ್ನು ನಡೆದೇ ದಾಟೋಣವೆಂದು ಹುಡುಗ ಹಟ ಹಿಡಿದ. ಪೂರ್ವ ಬದಿಯ ಪಾದಚಾರಿ ಹಾದಿಗೆ ಹಣವಿಲ್ಲ. ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರ. ನಡುವಿಗೆ ಬರುವಷ್ಟರಲ್ಲಿ ನನ್ನ ಛತ್ರಿ ತಿರುಗಿ, ಕಡ್ಡಿಗಳು ಮುರಿದು, ಬಟ್ಟೆ ಮಾತ್ರ ಕೈಯಲ್ಲಿ ಉಳಿಯಿತು. ದಕ್ಷಿಣ ತುದಿಯ ಕಾಫಿ ಅಂಗಡಿಯಲ್ಲಿ ಒದ್ದೆ ಸೀರೆಯ ಸೆರಗು ಹಿಂಡಿ ಕುಳಿತಾಗ, ಅಂಗಡಿಯ ಹುಡುಗಿ ಕೇಳದೆಯೇ ಹಳೆಯ ಟವೆಲ್ ತಂದುಕೊಟ್ಟಳು.

ಮಧ್ಯಾಹ್ನದ ಫೆರಿಯಲ್ಲಿ ಕಾಕಟೂ ದ್ವೀಪಕ್ಕೆ ಹೋದೆವು. ಪ್ರವೇಶಕ್ಕೆ ಹಣವಿಲ್ಲ, ಮಳೆಯ ದಿನ ಜನವೂ ಇಲ್ಲ. ಮೊದಲು ಇದು ಕೈದಿಗಳ ದ್ವೀಪ; ಬಂಡೆ ಕಡಿದು ಮೊದಲ ಡಾಕ್ ಮಾಡಿದವರೂ ಅವರೇ. ಆಮೇಲೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಡಗು ಕಟ್ಟುವ, ರಿಪೇರಿ ಮಾಡುವ ಜಾಗ. ಈಗ ದೊಡ್ಡ ದೊಡ್ಡ ಶೆಡ್ಡುಗಳಲ್ಲಿ ತುಕ್ಕು ಹಿಡಿದ ಕ್ರೇನುಗಳು, ಆಳೆತ್ತರದ ಲೇತ್‌ಗಳು, ಹಳಿಗಳು ಉಳಿದಿವೆ. ಸೂರಿನ ತಗಡಿನ ಮೇಲೆ ಮಳೆಯ ಸದ್ದಿಗೆ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ.

ಸಿಡ್ನಿ 1928ರ ಮೇ ತಿಂಗಳಲ್ಲಿ ಸೇವೆಯಿಂದ ನಿವೃತ್ತವಾಗಿ, ಮರುವರ್ಷ ಒಡೆಯಲು ಇಲ್ಲಿಗೆ ಬಂತು. ಅದರದೇ ಮಾದರಿಯ ‘ಬ್ರಿಸ್ಬೇನ್’ 1915ರಲ್ಲಿ ಇದೇ ದ್ವೀಪದಲ್ಲಿ ನೀರಿಗಿಳಿದಿತ್ತು. ಟರ್ಬೈನ್ ಶೆಡ್ಡಿನಲ್ಲಿ ಸಿಕ್ಕಿದ ಹಿರಿಯರೊಬ್ಬರು, ಹದಿನಾರನೆಯ ವಯಸ್ಸಿಗೆ ಇಲ್ಲಿ ಕೆಲಸ ಕಲಿಯಲು ಸೇರಿದವರು, ಈಗ ಬಂದವರಿಗೆ ಯಂತ್ರಗಳನ್ನು ತೋರಿಸುವುದರಲ್ಲಿ ಸುಖ ಕಾಣುವವರು, ನನ್ನ ಪ್ರಶ್ನೆಗೆ ಸ್ವಲ್ಪ ಯೋಚಿಸಿ ಉತ್ತರಿಸಿದರು. ಕಟ್ಟಿದ ಕ್ರಮವನ್ನು ಹಿಂದುಮುಂದಾಗಿ ಮಾಡಿದರೆ ಒಡೆಯುವ ಕೆಲಸ: ಮೊದಲು ಮೇಲಿನದು, ಕೂವೆ, ಕೊಳವೆ, ಫಿರಂಗಿ, ಆಮೇಲೆ ಯಂತ್ರಗಳು, ಹಡಗು ಹಗುರಾದಂತೆ ನೀರಿನಿಂದ ಮೇಲೇಳುತ್ತದೆ, ಆಗ ಹೊಟ್ಟೆಯನ್ನು ಕೊಯ್ಯುತ್ತಾರೆ. ಹಿತ್ತಾಳೆ, ತಾಮ್ರ ಮೊದಲು ಮಾರಾಟವಾಗುತ್ತವೆ. ತಾವು ಜಲಾಂತರ್ಗಾಮಿಗಳ ರಿಪೇರಿ ಮಾಡುತ್ತಿದ್ದವರೆಂದೂ, 1990ರ ದಶಕದ ಆರಂಭದಲ್ಲಿ ಬಾಗಿಲು ಮುಚ್ಚಿದ ದಿನ ಉಪಕರಣದ ಪೆಟ್ಟಿಗೆಯನ್ನು ಹೊತ್ತುಕೊಂಡು ಇದೇ ಜೆಟ್ಟಿಯಿಂದ ಹೋದೆನೆಂದೂ ಹೇಳಿದರು. “ಕೂವೆ ಉಳಿಸಿದ್ದು ಪುಣ್ಯ. ಬಹಳ ಹಡಗುಗಳಿಗೆ ಅಷ್ಟೂ ಇರುವುದಿಲ್ಲ.”

ಆಗ ನನಗೆ ಮೈಸೂರಿನ ಹೆಸರು ಹೊತ್ತ ಕ್ರೂಸರ್ ನೆನಪಾಯಿತು. ಬ್ರಿಟಿಷರ ‘ನೈಜೀರಿಯಾ’ವನ್ನು ಕೊಂಡು 1957ರಲ್ಲಿ ‘ಐಎನ್‌ಎಸ್ ಮೈಸೂರು’ ಎಂದು ಕರೆದದ್ದು, 1971ರ ಯುದ್ಧದಲ್ಲಿ ಪಶ್ಚಿಮದ ಪಡೆಗೆ ಮುಂದಾಳು ಹಡಗಾಗಿದ್ದದ್ದು, 1985ರಲ್ಲಿ ನಿವೃತ್ತವಾದದ್ದು. ಹೆಸರು ಈಗ ಬೇರೆ ಹಡಗಿಗೆ ಬಂದಿದೆ. ಕಾರವಾರದ ಕಡಲತಡಿಯಲ್ಲಿ ‘ಚಪಲ’ ಎಂಬ ಕ್ಷಿಪಣಿ ದೋಣಿಯನ್ನು ಇಡಿಯಾಗಿ ಮರಳಿನ ಮೇಲೆ ನಿಲ್ಲಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ, ತಂಗಿಯ ಮಗ ಅದರೊಳಗೆ ಹೊಕ್ಕು ಬಂದವನೇ. ಅದನ್ನೇ ಆ ಹಿರಿಯರಿಗೆ ವಿವರಿಸತೊಡಗಿದ. ಅವರು ಎಂಜಿನ್ನಿನ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದಿದ್ದರೂ ಹಿಂಜರಿಯಲಿಲ್ಲ.

ಹಿಂದಿರುಗುವ ಫೆರಿ ಮಳೆಗೆ ತಡವಾಯಿತು. ಹ್ಯಾರಿಸ್ ಪಾರ್ಕಿನಲ್ಲಿ ಇಳಿದು ಮಸಾಲೆ ದೋಸೆ ತಿನ್ನುವ ಹೊತ್ತಿಗೆ ಎಂಟು ಗಂಟೆ; ಚಟ್ನಿ ಸಪ್ಪೆ, ಬಿಸಿ ಸಾಂಬಾರ್ ಆ ಚಳಿಗೆ ಸಾಕಷ್ಟು ಚೆನ್ನಾಗಿತ್ತು. ನಮ್ಮನ್ನು ಕರೆದೊಯ್ಯಲು ಬಂದ ತಂಗಿಯ ಗಂಡ, “ಅತ್ತಿಗೆ, ಹಡಗು ಪೂರ್ತಿ ಜೋಡಿಸಿ ಆಯ್ತಾ?” ಎಂದು ಕೇಳಿದರು. ಎಮ್ಡನ್‌ನ ಗಂಟೆ ಕ್ಯಾನ್‌ಬೆರಾದ ಯುದ್ಧ ಸ್ಮಾರಕದ ಸಂಗ್ರಹದಲ್ಲಿದೆ, 1930ರ ದಶಕದಲ್ಲಿ ಅದು ಕಳುವಾಗಿ ಮತ್ತೆ ಸಿಕ್ಕಿತ್ತು ಎಂದೆ. ಕ್ಯಾನ್‌ಬೆರಾಕ್ಕೆ ಕಾರಿನಲ್ಲಿ ಮೂರು ಗಂಟೆಗಿಂತ ಹೆಚ್ಚು. ಕಳುವಿನ ಕಥೆ ಕೇಳಿದ ಹುಡುಗ ಆಗಲೇ ಹೊರಡಲು ಸಿದ್ಧನಾಗಿದ್ದ. ಬುಧವಾರ ಶಾಲೆ ಆರಂಭವೆಂದು ಅವನ ತಾಯಿ ನೆನಪಿಸಿದ ಮೇಲೆ, ಹೋಗುವುದಾದರೆ ನನ್ನನ್ನು ಬಿಟ್ಟು ಹೋಗಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡ.